ಬೌದ್ಧಿಕ ಅಂಗವೈಕಲ್ಯ ಇರುವವರನ್ನು ಆಟಕ್ಕೆ ಸೇರಿಸುವುದು ಹೇಗೆ? ಬೆಂಗಳೂರಿನವರಿಗೊಂದು ಮಾರ್ಗದರ್ಶಿ

"ಮಗಳಿಗೆ ಹನ್ನೆರಡು ವರ್ಷ, ಡೌನ್ ಸಿಂಡ್ರೋಮ್ ಇದೆ. ಓಡೋದು ಅಂದರೆ ಪ್ರಾಣ. ಎಲ್ಲಿ ಸೇರಿಸಲಿ?" "ತಮ್ಮನಿಗೆ ಮೂವತ್ತು ದಾಟಿತು. ಸ್ಪೆಷಲ್ ಸ್ಕೂಲ್ ಮುಗಿದ ಮೇಲೆ ಮನೆಯಲ್ಲೇ ಇದ್ದಾನೆ, ತೂಕ ಏರುತ್ತಲೇ ಇದೆ. ಈಗ ಆಟ ಶುರು ಮಾಡಬಹುದಾ?" ಈ ಎರಡು ಪ್ರಶ್ನೆಗಳು ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತವೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವರ್ಷಕ್ಕೊಮ್ಮೆ ಟೀ-ಶರ್ಟು, ಟೋಪಿ ಹಂಚಿ ಮೈದಾನದಲ್ಲಿ ಓಡಿಸಿ, ಮೆಡಲ್ ಹಾಕಿ ಫೋಟೋ ತೆಗೆಯುವುದು ಆಟದ ತರಬೇತಿ ಅಲ್ಲ. ನೀವು ಹುಡುಕಬೇಕಾದದ್ದು ವಾರಕ್ಕೆ ಎರಡು ದಿನವಾದರೂ ತಪ್ಪದೆ ನಡೆಯುವ ಅಭ್ಯಾಸ, ಅದೂ ಮನೆಗೆ ಹತ್ತಿರ. ಕೆಳಗಿನ ಹಂತಗಳೆಲ್ಲ ಅದರ ಸುತ್ತಲೇ ಇವೆ.

1. ಯಾವ ದಾರಿ ಎಂದು ಮೊದಲು ತಿಳಿದುಕೊಳ್ಳಿ

ಸ್ಪೆಷಲ್ ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್ ಎರಡೂ ಒಂದೇ ಅಂದುಕೊಂಡವರು ತುಂಬಾ ಜನ. ಎರಡೂ ಬೇರೆ.

ಸ್ಪೆಷಲ್ ಒಲಿಂಪಿಕ್ಸ್ ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿಯೇ ಇರುವ ವ್ಯವಸ್ಥೆ. 1968ರ ಜುಲೈನಲ್ಲಿ ಶಿಕಾಗೋದಲ್ಲಿ ಯೂನಿಸ್ ಕೆನಡಿ ಶ್ರೈವರ್ ಮುಂದಾಳತ್ವದಲ್ಲಿ ಮೊದಲ ಕೂಟ ನಡೆಯಿತು. ನಮ್ಮ ದೇಶದಲ್ಲಿ ಇದನ್ನು ನಡೆಸುವುದು ಸ್ಪೆಷಲ್ ಒಲಿಂಪಿಕ್ಸ್ ಭಾರತ್. 2001ರಲ್ಲಿ ನೋಂದಣಿಯಾದ ಈ ಸಂಸ್ಥೆಗೆ ಕೇಂದ್ರ ಕ್ರೀಡಾ ಸಚಿವಾಲಯದ ಮಾನ್ಯತೆ ಇದೆ, ಕರ್ನಾಟಕದಲ್ಲಿ ರಾಜ್ಯ ಘಟಕವೂ ಇದೆ. ಇಲ್ಲಿ ನಿಧಾನಕ್ಕೆ ನಡೆಯುವವರಿಗೂ ಜಾಗ ಇದೆ, ವೇಗವಾಗಿ ಓಡುವವರಿಗೂ ಇದೆ. ಸ್ಪರ್ಧೆಗೆ ಇಳಿಯಲು 8 ವರ್ಷ ತುಂಬಿರಬೇಕು. ಮೇಲಿನ ಮಿತಿ ಇಲ್ಲ. ಹಾಗಾಗಿ ಮೂವತ್ತು ದಾಟಿದ ತಮ್ಮ ಖಂಡಿತ ಶುರು ಮಾಡಬಹುದು. ವೈಯಕ್ತಿಕ ಆಟಗಳಲ್ಲಿ "30 ಮತ್ತು ಮೇಲ್ಪಟ್ಟವರು" ಎಂಬ ವಯಸ್ಸಿನ ಗುಂಪೇ ಇದೆ. 2ರಿಂದ 7 ವರ್ಷದ ಪುಟ್ಟ ಮಕ್ಕಳಿಗೆ ಯಂಗ್ ಅಥ್ಲೀಟ್ಸ್ ಎಂಬ ಬೇರೆ ಕಾರ್ಯಕ್ರಮ. ಅದರಲ್ಲಿ ಸ್ಪರ್ಧೆ ಇಲ್ಲ. ಓಡುವುದು, ಎಸೆಯುವುದು, ಹಿಡಿಯುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಇಷ್ಟೇ.

ಪ್ಯಾರಾಲಿಂಪಿಕ್ಸ್ ದಾರಿ ಕಠಿಣ. ಅಲ್ಲಿ ಬೌದ್ಧಿಕ ಅಂಗವೈಕಲ್ಯಕ್ಕೆ ಮೂರೇ ಆಟಗಳಲ್ಲಿ ಅವಕಾಶ: ಅಥ್ಲೆಟಿಕ್ಸ್, ಈಜು, ಟೇಬಲ್ ಟೆನಿಸ್. ಅಥ್ಲೆಟಿಕ್ಸ್‌ನ ಓಟದಲ್ಲಿ ಈ ವರ್ಗದ ಹೆಸರು ಟಿ20, ಈಜಿನಲ್ಲಿ ಎಸ್14. ತೆಲಂಗಾಣದ ದೀಪ್ತಿ ಜೀವಂಜಿ 2024ರ ಪ್ಯಾರಿಸ್ ಕೂಟದಲ್ಲಿ 400 ಮೀಟರ್ ಓಟದ ಕಂಚು ಗೆದ್ದದ್ದು ಟಿ20ಯಲ್ಲೇ. ಅಲ್ಲಿ ಗೆಲ್ಲುವವರು ಮಾತ್ರ ಮುಂದೆ ಹೋಗುತ್ತಾರೆ, ಉಳಿದ ಕ್ರೀಡೆಗಳ ಹಾಗೆಯೇ. ದಾಖಲೆ ಪರಿಶೀಲನೆಯೂ ಬಿಗಿ. ಅದಕ್ಕೆ ಕಾರಣ ಇದೆ. 2000ದ ಸಿಡ್ನಿ ಕೂಟದಲ್ಲಿ ಚಿನ್ನ ಗೆದ್ದ ಸ್ಪೇನ್ ಬಾಸ್ಕೆಟ್‌ಬಾಲ್ ತಂಡದ ಹೆಚ್ಚಿನ ಆಟಗಾರರಿಗೆ ಅಂಗವೈಕಲ್ಯವೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಇಡೀ ವರ್ಗವನ್ನೇ ಕೈಬಿಟ್ಟರು. ಮತ್ತೆ ಸೇರಿಸಿಕೊಂಡದ್ದು 2012ರ ಲಂಡನ್ ಕೂಟದಲ್ಲಿ.

ನನ್ನ ಅಭಿಪ್ರಾಯ ಕೇಳಿದರೆ, ಎಲ್ಲರೂ ಸ್ಪೆಷಲ್ ಒಲಿಂಪಿಕ್ಸ್ ದಾರಿಯಲ್ಲೇ ಶುರು ಮಾಡಲಿ. ಕೋಚ್ ಗಡಿಯಾರ ನೋಡಿ "ಇವನು ಬೇರೆ ಮಟ್ಟದವನು" ಎಂದ ದಿನ ಎರಡನೆಯದರ ಬಗ್ಗೆ ಯೋಚಿಸಿದರೆ ಸಾಕು.

ಯಾರಿಗೆ ಅನ್ವಯಿಸುವುದಿಲ್ಲ ಅನ್ನುವುದೂ ಗೊತ್ತಿರಲಿ. ಬುದ್ಧಿಮಟ್ಟದ ತೊಂದರೆ ಇಲ್ಲದೆ ಬರೀ ಡಿಸ್ಲೆಕ್ಸಿಯಾ ಇದ್ದರೆ, ಬರೀ ದೈಹಿಕ ತೊಂದರೆಯ ಸೆರೆಬ್ರಲ್ ಪಾಲ್ಸಿ ಇದ್ದರೆ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುವಾಗಿ ಸೇರಲು ಆಗುವುದಿಲ್ಲ. ಆಟಿಸಂ ಜೊತೆಗೆ ಬೌದ್ಧಿಕ ಅಂಗವೈಕಲ್ಯವೂ ಇದ್ದರೆ ಸೇರಬಹುದು.

2. ಕಾಗದಪತ್ರ: ಆಟದ ಜೊತೆಜೊತೆಗೇ ಮಾಡಿಸಿ

"ಮೊದಲು ಸರ್ಟಿಫಿಕೇಟ್ ಬರಲಿ, ಆಮೇಲೆ ಮೈದಾನ" ಎಂದು ಕೂತರೆ ಒಂದು ವರ್ಷ ಹಾಗೇ ಹೋಗುತ್ತದೆ. ಅಭ್ಯಾಸಕ್ಕೆ ಹೋಗಲು ಕಾರ್ಡಿಗಾಗಿ ಕಾಯಬೇಕಿಲ್ಲ, ಕೂಟಕ್ಕೆ ಹೆಸರು ಕೊಡುವ ಹೊತ್ತಿಗೆ ಅದು ಕೈಯಲ್ಲಿರಬೇಕು. ಹಾಗಾಗಿ ಎರಡನ್ನೂ ಒಟ್ಟಿಗೆ ಶುರು ಮಾಡಿ.

ಮುಖ್ಯವಾದದ್ದು ಯುಡಿಐಡಿ ಕಾರ್ಡ್. ಅಂದರೆ ಅಂಗವಿಕಲರಿಗೆ ಕೇಂದ್ರ ಸರ್ಕಾರ ಕೊಡುವ, ದೇಶದ ಎಲ್ಲ ಕಡೆ ನಡೆಯುವ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನಿಗದಿಯಾದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಕಂಪ್ಯೂಟರ್ ಕೆಲಸ ಬಾರದಿದ್ದರೆ ನಿಮ್ಮ ಭಾಗದ ಯುಆರ್‌ಡಬ್ಲ್ಯು ಯಾರು ಎಂದು ವಿಚಾರಿಸಿ. ನಗರ ಪ್ರದೇಶದಲ್ಲಿ ಅಂಗವಿಕಲರ ಕೆಲಸಕ್ಕೆಂದೇ ನೇಮಿಸಿದ ಪುನರ್ವಸತಿ ಕಾರ್ಯಕರ್ತರು ಅವರು. ರಾಜ್ಯದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ಕೇಳಿದರೆ ಹೆಸರು ಸಿಗುತ್ತದೆ.

ತಪಾಸಣೆಯಲ್ಲಿ ಸಾಮಾನ್ಯವಾಗಿ ಎರಡು ಅಳತೆ ನೋಡುತ್ತಾರೆ. ಒಂದು ಐಕ್ಯೂ, ಅಂದರೆ ಬುದ್ಧಿಮಟ್ಟದ ಪರೀಕ್ಷೆ. ಇನ್ನೊಂದು ವಿಎಸ್‌ಎಂಎಸ್. ಊಟ, ಬಟ್ಟೆ, ಮಾತು, ಹೊರಗೆ ಓಡಾಟ ಇವನ್ನೆಲ್ಲ ಮಗು ತನ್ನ ವಯಸ್ಸಿಗೆ ತಕ್ಕಂತೆ ಮಾಡುತ್ತದಾ ಎಂದು ಮನೆಯವರನ್ನು ಕೇಳಿ ಲೆಕ್ಕ ಹಾಕುವ ಅಳತೆ ಇದು. ಇಲ್ಲಿ ಒಂದು ಎಚ್ಚರಿಕೆ: ನಾಚಿಕೆಗೋ ಪ್ರೀತಿಗೋ ಬಿದ್ದು "ಎಲ್ಲಾ ತಾನೇ ಮಾಡ್ಕೋತಾನೆ" ಎಂದು ಹೇಳಬೇಡಿ. ಬಟನ್ ಹಾಕುವುದು ನೀವೇ ಆಗಿದ್ದರೆ ನೀವೇ ಎಂದು ಹೇಳಿ.

ಮಕ್ಕಳ ಪ್ರಮಾಣಪತ್ರವನ್ನು 5, 10 ಮತ್ತು 18 ವರ್ಷ ತುಂಬಿದಾಗ ನವೀಕರಿಸಬೇಕು. 18ರ ನಂತರದ್ದು ಜೀವನಪೂರ್ತಿ ನಡೆಯುತ್ತದೆ. ಕೂಟ ಇನ್ನು ಒಂದು ತಿಂಗಳಿದೆ ಎನ್ನುವಾಗ ಅವಧಿ ಮುಗಿದದ್ದು ಗೊತ್ತಾಗಿ ಓಡಾಡುವವರೇ ಜಾಸ್ತಿ. ಕೊನೆಯ ದಿನಾಂಕವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಮಗು 18 ದಾಟಿದ್ದರೆ ಇನ್ನೊಂದು ತೊಡಕು. ಒಪ್ಪಿಗೆ ಪತ್ರಕ್ಕೆ ಅಪ್ಪ-ಅಮ್ಮನ ಸಹಿ ಎಲ್ಲ ಕಡೆ ನಡೆಯುವುದಿಲ್ಲ. ತನ್ನ ಸಹಿ ತಾನೇ ಮಾಡಬಲ್ಲವರಾದರೆ ಮಾಡಲಿ, ಅದು ಒಳ್ಳೆಯದೇ. ಆಗದಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿಯಿಂದ ಕಾನೂನುಬದ್ಧ ಪಾಲಕರ ಪತ್ರ ಪಡೆಯಬೇಕಾಗುತ್ತದೆ. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯನ್ನೂ ಮಾಡಿಸಿಕೊಳ್ಳಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ.

ಎಲ್ಲದರ ಜೆರಾಕ್ಸ್ ಒಂದು ಫೈಲಿನಲ್ಲಿ: ಆಧಾರ್, ಯುಡಿಐಡಿ, ಜನನ ಪ್ರಮಾಣಪತ್ರ, ಐಕ್ಯೂ ವರದಿ, ನಾಲ್ಕಾರು ಪಾಸ್‌ಪೋರ್ಟ್ ಸೈಜ್ ಫೋಟೋ. ಒರಿಜಿನಲ್ ಯಾರ ಕೈಗೂ ಕೊಡಬೇಡಿ, ಎಷ್ಟೇ ಪರಿಚಯದವರಾಗಿರಲಿ.

3. ಡಾಕ್ಟರ್ ಹತ್ತಿರ ಇಷ್ಟು ಕೇಳಿ

"ಫಿಟ್ ಫಾರ್ ಸ್ಪೋರ್ಟ್ಸ್" ಎಂದು ಒಂದು ಸಾಲು ಬರೆಸಿಕೊಂಡು ಬರುವುದು ಸಾಲದು. ಯಾವ ಆಟ ಎಂದು ಹೇಳಿ, ಆ ಆಟಕ್ಕೆ ಏನು ಅಡ್ಡಿ ಎಂದು ಕೇಳಿ.

ಡೌನ್ ಸಿಂಡ್ರೋಮ್ ಇದ್ದರೆ ಎರಡು ವಿಷಯ ಬಿಡಲೇಬಾರದು. ಹೃದಯ ಮೊದಲನೆಯದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಎಕೋ ಮಾಡಿಸಿಲ್ಲದಿದ್ದರೆ ಮಾಡಿಸಿ. ಎರಡನೆಯದು ಕುತ್ತಿಗೆ. ಬೆನ್ನುಮೂಳೆಯ ತುತ್ತತುದಿಯ ಎರಡು ಮೂಳೆಗಳ ಜೋಡಣೆ ಕೆಲವರಲ್ಲಿ ಸಡಿಲ ಇರುತ್ತದೆ. ವೈದ್ಯರು ಇದಕ್ಕೆ ಅಟ್ಲಾಂಟೋ-ಆಕ್ಸಿಯಲ್ ಇನ್‌ಸ್ಟೆಬಿಲಿಟಿ ಅನ್ನುತ್ತಾರೆ. ಕುತ್ತಿಗೆ ಜೋರಾಗಿ ಮುಂದಕ್ಕೆ ಬಾಗಿದರೆ ನರಕ್ಕೆ ಪೆಟ್ಟಾಗಬಹುದು. ಡಾಕ್ಟರ್ ಸರಿ ಅನ್ನುವವರೆಗೆ ನೀರಿಗೆ ತಲೆಕೆಳಗಾಗಿ ಧುಮುಕುವುದು, ಬಟರ್‌ಫ್ಲೈ ಈಜು, ಹೈಜಂಪ್, ಜೂಡೋ, ಪಲ್ಟಿ, ಫುಟ್‌ಬಾಲನ್ನು ತಲೆಯಿಂದ ಹೊಡೆಯುವುದು ಇವು ಬೇಡ. ಕುತ್ತಿಗೆ ನೋವು, ತಲೆ ಒಂದು ಕಡೆಗೆ ವಾಲುವುದು, ನಡಿಗೆ ಇದ್ದಕ್ಕಿದ್ದಂತೆ ಬದಲಾಗುವುದು, ಕೈ ಬಲ ಕಡಿಮೆಯಾಗುವುದು, ಗೊತ್ತಿಲ್ಲದೆ ಮೂತ್ರ ಹೋಗುವುದು ಕಂಡರೆ ಆಟ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ.

ಫಿಟ್ಸ್ ಬರುವವರು ಆಡಬಾರದು ಎಂದೇನಿಲ್ಲ. ಈಜಾದರೆ ಮಾತ್ರ ಒಬ್ಬರಿಗೆ ಒಬ್ಬರು ನೀರಿನೊಳಗೇ ಇರಬೇಕು, ದಡದ ಮೇಲಲ್ಲ. ಮಾತ್ರೆಯ ಹೆಸರು, ಹೊತ್ತು, ಫಿಟ್ಸ್ ಬಂದರೆ ಏನು ಮಾಡಬೇಕು ಎನ್ನುವುದನ್ನು ಕನ್ನಡದಲ್ಲಿ ಒಂದು ಚೀಟಿ ಬರೆದು ಕೋಚ್‌ಗೆ ಕೊಡಿ. ಇದನ್ನು ಮುಚ್ಚಿಡುವ ಮನೆಯವರು ಇದ್ದಾರೆ. "ಹೇಳಿದರೆ ಸೇರಿಸಿಕೊಳ್ಳಲ್ಲ" ಎಂಬ ಭಯ. ಹೇಳಿದ್ದಕ್ಕೆ ಸೇರಿಸಿಕೊಳ್ಳದ ಕಡೆ ನಿಮ್ಮ ಮಗು ಸುರಕ್ಷಿತವಾಗಿಯೂ ಇರುವುದಿಲ್ಲ, ಅಲ್ವಾ?

ಕೆಲವು ಮಾತ್ರೆಗಳಿಂದ ಬೆಳಿಗ್ಗೆ ಮಂಪರು ಇರುತ್ತದೆ, ಕೆಲವು ತೂಕ ಏರಿಸುತ್ತವೆ. ಅಂಥವರಿಗೆ ಬೆಳಗಿನ ಆರು ಗಂಟೆಯ ಬ್ಯಾಚ್ ಸುಮ್ನೆ ಹಿಂಸೆ. ಅಭ್ಯಾಸದ ಸಮಯ ಆರಿಸುವ ಮೊದಲು ಇದನ್ನೂ ಕೇಳಿಕೊಳ್ಳಿ.

4. ಜಾಗ ಹುಡುಕುವುದು

ಮಗು ಸ್ಪೆಷಲ್ ಸ್ಕೂಲಿಗೆ ಹೋಗುತ್ತಿದ್ದರೆ ಮೊದಲು ಅಲ್ಲಿ ಕೇಳಿ. ಸ್ಪೆಷಲ್ ಒಲಿಂಪಿಕ್ಸ್‌ಗೆ ಮಕ್ಕಳು ಬರುವುದು ಹೆಚ್ಚಾಗಿ ಇಂಥ ಶಾಲೆಗಳ ಮೂಲಕವೇ. ಸಾಮಾನ್ಯ ಶಾಲೆಗೆ ಹೋಗುವ ಅಥವಾ ಮನೆಯಲ್ಲೇ ಇರುವವರಿಗೆ ಸುದ್ದಿ ತಲುಪುವುದು ಕಷ್ಟ. ಅಂಥವರು ನೇರವಾಗಿ ರಾಜ್ಯ ಘಟಕಕ್ಕೆ ಬರೆದು, ನಿಮ್ಮ ಏರಿಯಾದ ಹತ್ತಿರ ಯಾರು ಅಭ್ಯಾಸ ನಡೆಸುತ್ತಾರೆ ಎಂದು ಕೇಳಿ.

ಬೆಂಗಳೂರಿನಲ್ಲಿ ಈ ಕ್ಷೇತ್ರದ ಹಳೆಯ ಸಂಸ್ಥೆಗಳು ಹಲವು ಇವೆ. ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಆಸ್ಪತ್ರೆಯ ಆಸುಪಾಸಿನಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿ ಕೆಲಸ ಮಾಡುವ ಎಎಂಎಚ್ ಇದೆ, ಪೋಷಕರೇ ಕಟ್ಟಿದ ಸಂಘವೂ ಅಲ್ಲೇ ಇದೆ. ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಲಿಂಗರಾಜಪುರದಲ್ಲಿ ಎಪಿಡಿ, ಅಂದರೆ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ. ಇವು ಆಟದ ಅಕಾಡೆಮಿಗಳಲ್ಲ. ಆದರೆ ಯಾವ ಮೈದಾನದಲ್ಲಿ ಯಾರು ಏನು ನಡೆಸುತ್ತಿದ್ದಾರೆ ಎಂಬ ಸುದ್ದಿ ಇಂಥ ಕಡೆಯ ಅಮ್ಮಂದಿರಿಗೆ ಚೆನ್ನಾಗಿ ಗೊತ್ತಿರುತ್ತದೆ. ನಿಮ್ಹಾನ್ಸ್‌ಗೆ ತಪಾಸಣೆಗೆ ಹೋದಾಗ ಹೊರಗೆ ಬೆಂಚಿನಲ್ಲಿ ಕಾಯುತ್ತೀರಲ್ಲ, ಆಗಲೂ ಪಕ್ಕದವರನ್ನು ಕೇಳಿ.

ದೂರದ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ. ಕಂಠೀರವ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕ್ ಚೆನ್ನಾಗಿದೆ, ನಿಜ. ಆದರೆ ಕೆಂಗೇರಿಯಿಂದಲೋ ಯಲಹಂಕದಿಂದಲೋ ವಾರಕ್ಕೆರಡು ಸಲ ಟ್ರಾಫಿಕ್ಕಿನಲ್ಲಿ ಅಲ್ಲಿಗೆ ಬಂದರೆ ಮೂರನೇ ವಾರಕ್ಕೆ ಮಗುವೂ ಸುಸ್ತು, ನೀವೂ ಸುಸ್ತು. ಅಲ್ಲಿ ದೊಡ್ಡ ಕಾರ್ಯಕ್ರಮಗಳಿದ್ದಾಗ ಟ್ರ್ಯಾಕ್ ಸಿಗುವುದೂ ಇಲ್ಲ. ದಿನಚರಿ ಬದಲಾದರೆ ತಳಮಳಗೊಳ್ಳುವ ಮಕ್ಕಳಿಗೆ "ಇವತ್ತು ಗೇಟು ಮುಚ್ಚಿದೆ" ಎನ್ನುವುದೇ ದೊಡ್ಡ ಪೆಟ್ಟು. ಅರ್ಧ ಗಂಟೆಯೊಳಗೆ ತಲುಪುವ ಮಣ್ಣಿನ ಮೈದಾನವೇ ಮೇಲು.

ಸೇರಿಸುವ ಮೊದಲು ಒಂದು ದಿನ ಸುಮ್ಮನೆ ಕೂತು ನೋಡಿ. ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರಿದ್ದಾರೆ? ಕೋಚ್ ಜೊತೆ ಸ್ಪೆಷಲ್ ಎಜುಕೇಟರ್, ಅಂದರೆ ಇಂಥ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಟೀಚರ್ ಇದ್ದಾರಾ? ಅವರಿಗೆ ಆರ್‌ಸಿಐ ನೋಂದಣಿ ಇದೆಯಾ? ಆರ್‌ಸಿಐ ಎಂದರೆ ಈ ಟೀಚರುಗಳನ್ನು ನೋಂದಾಯಿಸುವ ಕೇಂದ್ರ ಮಂಡಳಿ. ಶೌಚಾಲಯ ಹೇಗಿದೆ? ಬಟ್ಟೆ ಬದಲಿಸುವ ಕೋಣೆಗೆ ಮಗುವಿನ ಜೊತೆ ಒಬ್ಬರೇ ದೊಡ್ಡವರು ಹೋಗುತ್ತಾರಾ? ಹೋಗಬಾರದು, ಯಾವಾಗಲೂ ಇಬ್ಬರಿರಬೇಕು. ಹೆಣ್ಣುಮಕ್ಕಳಿದ್ದರೆ ಒಬ್ಬ ಮೇಡಂ ಕಡ್ಡಾಯವಾಗಿ ಇರಬೇಕು. ಮುಟ್ಟಿನ ದಿನಗಳ ವಿಷಯ ಅವರ ಹತ್ತಿರ ಬಿಚ್ಚಿ ಮಾತಾಡಿ. ಸಾಲಿನಲ್ಲಿ ನಿಂತು ಕಾಯುವ ಹೊತ್ತೇ ಆಡುವ ಹೊತ್ತಿಗಿಂತ ಜಾಸ್ತಿ ಎನಿಸಿದರೆ ಆ ಜಾಗ ಬಿಡಿ.

ದುಡ್ಡಿನ ವಿಷಯ: ಸ್ಪೆಷಲ್ ಒಲಿಂಪಿಕ್ಸ್ ತನ್ನ ತರಬೇತಿಗೂ ಸ್ಪರ್ಧೆಗೂ ಕ್ರೀಡಾಪಟುವಿನಿಂದ ಶುಲ್ಕ ತೆಗೆದುಕೊಳ್ಳಬಾರದು ಎಂಬ ನಿಯಮ ಇಟ್ಟುಕೊಂಡಿದೆ. ಖಾಸಗಿ ಅಕಾಡೆಮಿಗಳು ತಿಂಗಳ ಫೀಸು ತೆಗೆದುಕೊಳ್ಳುತ್ತವೆ, ಅದು ಬೇರೆ. ಆದರೆ "ನ್ಯಾಷನಲ್ಸ್‌ಗೆ ಸೆಲೆಕ್ಟ್ ಮಾಡಿಸ್ತೀವಿ, ಇಷ್ಟು ಕೊಡಿ" ಎಂದು ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

5. ಯಾವ ಆಟ?

ಟಿವಿಯಲ್ಲಿ ನೋಡಿದ್ದಲ್ಲ, ಮಗುವಿನ ಮೈಗೆ ಒಗ್ಗುವುದು. ಅಥ್ಲೆಟಿಕ್ಸ್‌ನಿಂದ ಶುರು ಮಾಡುವುದು ಸುಲಭ, ಏಕೆಂದರೆ ಅದರಲ್ಲಿ ಎಲ್ಲ ಮಟ್ಟಕ್ಕೂ ಏನಾದರೊಂದು ಇದೆ. 100 ಮೀಟರ್ ಓಡಲಾಗದವರಿಗೆ 50 ಮೀಟರ್ ಓಟ, 25 ಮೀಟರ್ ನಡಿಗೆ, ನಿಂತಲ್ಲಿಂದ ಜಿಗಿತ, ಸಾಫ್ಟ್‌ಬಾಲ್ ಎಸೆತ ಇವೆಲ್ಲ ಅಧಿಕೃತ ಸ್ಪರ್ಧೆಗಳೇ. ಈಜಿನಲ್ಲೂ ಹಾಗೆ: ನೀರಿನಲ್ಲಿ 15 ಮೀಟರ್ ನಡೆಯುವುದೇ ಒಂದು ಸ್ಪರ್ಧೆ.

ಬೋಚೆ ಅನ್ನುವ ಆಟದ ಹೆಸರು ಕೇಳಿರಲಿಕ್ಕಿಲ್ಲ. ನಮ್ಮ ಗೋಲಿಯಾಟದ ದೊಡ್ಡಣ್ಣನ ಹಾಗೆ. ಮೊದಲು ಒಂದು ಚಿಕ್ಕ ಚೆಂಡು ಎಸೆಯುತ್ತಾರೆ, ಆಮೇಲೆ ಎರಡೂ ಕಡೆಯವರು ನಾಲ್ಕು ನಾಲ್ಕು ದೊಡ್ಡ ಚೆಂಡುಗಳನ್ನು ಅದರ ಹತ್ತಿರಕ್ಕೆ ಉರುಳಿಸಬೇಕು. ಓಡಬೇಕಿಲ್ಲ, ಅವಸರ ಇಲ್ಲ. ತೂಕ ಜಾಸ್ತಿ ಇರುವವರಿಗೆ, ವಯಸ್ಸಾದವರಿಗೆ, ಸದ್ದು ಆಗದವರಿಗೆ ಇದು ಬಹಳ ಹೊಂದುತ್ತದೆ. ನನಗಂತೂ ಇದಕ್ಕೆ ಸಿಗಬೇಕಾದ ಬೆಲೆ ಸಿಕ್ಕಿಲ್ಲ ಅನಿಸುತ್ತದೆ. ಅಪಾರ್ಟ್‌ಮೆಂಟಿನ ಉದ್ದನೆಯ ಹುಲ್ಲುಹಾಸು ಇದ್ದರೆ ಸಾಕು.

ತಂಡದ ಆಟವನ್ನು ಮೊದಲ ವರ್ಷ ಒತ್ತಾಯ ಮಾಡಬೇಡಿ. ಚೆಂಡು, ಜೊತೆಗಾರ, ಎದುರಾಳಿ, ಗೆರೆ ಎಲ್ಲವನ್ನೂ ಒಟ್ಟಿಗೆ ಗಮನಿಸಬೇಕಾಗುತ್ತದೆ. ಆಮೇಲೆ ಯೂನಿಫೈಡ್ ಸ್ಪೋರ್ಟ್ಸ್ ಎಂಬ ದಾರಿ ಇದೆ. ಅಂಗವೈಕಲ್ಯ ಇರುವವರೂ ಇಲ್ಲದವರೂ ಒಂದೇ ತಂಡದಲ್ಲಿ ಆಡುವುದು. ಬಾಸ್ಕೆಟ್‌ಬಾಲ್‌ನಲ್ಲಿ ಅಂಗಳದಲ್ಲಿರುವ ಐವರಲ್ಲಿ ಮೂವರು ಕ್ರೀಡಾಪಟುಗಳು, ಇಬ್ಬರು ಜೊತೆಗಾರರು. ಅಣ್ಣ-ತಂಗಿಯರನ್ನು ಸೇರಿಸಲು ಒಳ್ಳೆಯ ಅವಕಾಶ. ಇಲ್ಲಿನ ದೊಡ್ಡ ತಪ್ಪು ಎಂದರೆ ಜೊತೆಗಾರರೇ ಎಲ್ಲ ಗೋಲು ಹೊಡೆಯುವುದು, ಇಲ್ಲವೇ ಪಕ್ಕದಲ್ಲಿ ನಿಂತು ಟೀಚರ್ ಥರ ಆದೇಶ ಕೊಡುವುದು. ವಯಸ್ಸು, ಆಟದ ಮಟ್ಟ ಎರಡೂ ಹತ್ತಿರ ಇರುವವರನ್ನೇ ಆರಿಸಬೇಕು.

ತೀವ್ರ ಅಂಗವೈಕಲ್ಯ ಇದ್ದು ಸ್ಪರ್ಧೆ ಸಾಧ್ಯವಿಲ್ಲದವರಿಗೆ ಎಂಎಟಿಪಿ ಎಂಬ ಚಲನೆಯ ತರಬೇತಿ ಇದೆ. ಅಲ್ಲಿ ಯಾರನ್ನೂ ಯಾರ ಜೊತೆಗೂ ಹೋಲಿಸುವುದಿಲ್ಲ.

6. ಮೊದಲ ಎಂಟು ವಾರ

ಸ್ಪರ್ಧೆಗೆ ಮೊದಲು ಆ ಆಟದಲ್ಲಿ ಕನಿಷ್ಠ ಎಂಟು ವಾರದ ತರಬೇತಿ ಆಗಿರಬೇಕು ಎಂಬುದು ಸ್ಪೆಷಲ್ ಒಲಿಂಪಿಕ್ಸ್ ಪದ್ಧತಿ. ಹೆಚ್ಚಿನವರು ಬಿಟ್ಟುಹೋಗುವುದೂ ಈ ಎಂಟು ವಾರದಲ್ಲೇ.

ಒಂದು ಗಂಟೆ ಬೇಡ, ಮೊದಲು ಮುಕ್ಕಾಲು ಗಂಟೆ ಸಾಕು. ಪ್ರತಿ ದಿನವೂ ಅದೇ ಕ್ರಮ: ಬಂದು ಬ್ಯಾಗು ಇಡುವುದು, ಎರಡು ಸುತ್ತು ನಡಿಗೆ, ಮೈ ಬಿಸಿ, ಆಟ, ನೀರು, ಮನೆ. ಈ ಕ್ರಮವನ್ನು ಫೋಟೋ ಕಾರ್ಡುಗಳಲ್ಲಿ ಅಂಟಿಸಿ ತೋರಿಸಿ. ಮುಂದೇನು ಎಂದು ಗೊತ್ತಿದ್ದರೆ ಅರ್ಧ ಹಟ ಕಡಿಮೆಯಾಗುತ್ತದೆ.

ಬೆಂಗಳೂರಿನದ್ದೇ ಆದ ಒಂದು ತೊಂದರೆ: ಮನೆಯಲ್ಲಿ "ನಿಲ್ಲು", ಥೆರಪಿಯಲ್ಲಿ "ಸ್ಟಾಪ್", ಕೋಚ್ ಬಾಯಲ್ಲಿ "ರುಕೋ". ಮಗು ಯಾವುದನ್ನು ಕೇಳಬೇಕು? ಹೊರಡು, ನಿಲ್ಲು, ಎಸಿ, ಬಾ, ನೀರು, ಈ ಐದಕ್ಕೆ ಎಲ್ಲರೂ ಒಂದೇ ಮಾತು ಬಳಸುವಂತೆ ಮೊದಲ ದಿನವೇ ಒಪ್ಪಂದ ಮಾಡಿಕೊಳ್ಳಿ.

ಕಲಿಸುವುದನ್ನು ತುಂಡು ತುಂಡು ಮಾಡಬೇಕು. ಓಟವನ್ನೇ ನೋಡಿ. ಗೆರೆಯ ಹಿಂದೆ ನಿಲ್ಲುವುದು ಒಂದು ಪಾಠ. ಸಿಗ್ನಲ್ ಬರುವವರೆಗೆ ಕಾಯುವುದು ಇನ್ನೊಂದು. ತನ್ನ ಲೇನಿನಲ್ಲೇ ಓಡುವುದು ಮತ್ತೊಂದು. ಕೊನೆಯ ಗೆರೆ ದಾಟಿ ಓಡುವುದು ಎಲ್ಲಕ್ಕಿಂತ ಕಷ್ಟದ್ದು. ತುಂಬಾ ಮಕ್ಕಳು ಗೆರೆ ಕಂಡ ಕೂಡಲೇ ನಿಂತುಬಿಡುತ್ತಾರೆ, ಕೆಲವರು ಹಿಂದೆ ಬರುವ ಸ್ನೇಹಿತನಿಗೆ ಕಾಯುತ್ತಾರೆ. ಉಪಾಯ ಸುಲಭ: ಗೆರೆಯಿಂದ ಐದು ಮೀಟರ್ ಆಚೆ ಒಂದು ಕೋನ್ ಇಟ್ಟು, ಅದನ್ನು ಮುಟ್ಟಿ ಬರಲು ಹೇಳಿ.

ಮೊದಮೊದಲು ಅಮ್ಮ ಗೆರೆಯಾಚೆ ನಿಂತು ಕೈಚಾಚಿ ಕರೆದರೆ ಮಗು ನೇರ ಓಡಿ ಬರುತ್ತದೆ. ಅದು ಸರಿ. ಆದರೆ ಸ್ಪರ್ಧೆಯಲ್ಲಿ ಅಮ್ಮ ಅಲ್ಲಿ ನಿಲ್ಲುವಂತಿಲ್ಲ. ಹಾಗಾಗಿ ನಾಲ್ಕನೇ ವಾರದಿಂದ ಅಮ್ಮನ ಜಾಗಕ್ಕೆ ಕೋಚ್ ಬರಲಿ, ಆರನೇ ವಾರಕ್ಕೆ ಬರೀ ಕೋನ್ ಇರಲಿ. ಕೈ ಹಿಡಿದು ಮಾಡಿಸುವುದು, ಮಾಡಿ ತೋರಿಸುವುದು, ಬಾಯಲ್ಲಿ ಹೇಳುವುದು, ಹೀಗೆ ಸಹಾಯವನ್ನು ಮೆಟ್ಟಿಲು ಮೆಟ್ಟಿಲಾಗಿ ತೆಗೆಯುತ್ತಾ ಹೋಗಬೇಕು. ತೆಗೆಯದಿದ್ದರೆ ಆ ಸಹಾಯವೇ ಅಭ್ಯಾಸವಾಗಿ ಕೂತುಬಿಡುತ್ತದೆ.

ಸಾಮಾನ್ಯವಾಗಿ ಎಡವುವ ಕಡೆಗಳು:

ಶೂ. ಲೇಸ್ ಕಟ್ಟಲು ಬಾರದಿದ್ದರೆ ವೆಲ್ಕ್ರೋ ಶೂ ಕೊಡಿಸಿ. ಹೊಸ ಶೂವನ್ನು ಕೂಟದ ದಿನ ಹಾಕಬೇಡಿ.

ಬಹುಮಾನಕ್ಕೆ ಚಿಪ್ಸ್, ಚಾಕೊಲೇಟ್. ಸ್ಟಿಕ್ಕರ್ ಕೊಡಿ, ಇಷ್ಟದ ಹಾಡು ಹಾಕಿ. ತೂಕದ ಸಮಸ್ಯೆಗೆಂದೇ ಆಟಕ್ಕೆ ಬಂದು ಪ್ರತಿ ಸುತ್ತಿಗೆ ಒಂದು ಚಾಕೊಲೇಟ್ ತಿಂದರೆ ಏನು ಬಂತು?

ಶಿಳ್ಳೆ ಮತ್ತು ಚಪ್ಪಾಳೆ. ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಮೊದಲು ಬಾವುಟ ಬೀಸಿ ಓಡಿಸಿ. ಆಮೇಲೆ ದೂರದಿಂದ ಶಿಳ್ಳೆ, ಸ್ವಲ್ಪ ಸ್ವಲ್ಪವೇ ಹತ್ತಿರ. ಒಳಾಂಗಣ ಕ್ರೀಡಾಂಗಣಗಳಲ್ಲಿ ಸದ್ದು ಪ್ರತಿಧ್ವನಿಸುತ್ತದೆ. ಸ್ಪರ್ಧೆ ಅಂಥ ಕಡೆ ಇದ್ದರೆ ಒಮ್ಮೆ ಮೊದಲೇ ಕರೆದುಕೊಂಡು ಹೋಗಿ ಕೂರಿಸಿ ಬನ್ನಿ.

ನೀವು. ಹೌದು, ಬೇಲಿಯಾಚೆಯಿಂದ "ಓಡು ಓಡು" ಎಂದು ಕೂಗುವ ಅಪ್ಪ. ಮಗು ಕೋಚ್ ಕಡೆ ನೋಡಬೇಕಾ, ನಿಮ್ಮ ಕಡೆ ನೋಡಬೇಕಾ? ಅಭ್ಯಾಸ ಸರಿಯಾಗಿ ಕೂತ ಮೇಲೆ ಒಂದು ಸುತ್ತು ವಾಕಿಂಗ್ ಹೋಗಿ ಬನ್ನಿ.

ವಾರಕ್ಕೊಮ್ಮೆ ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಸಮಯ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇದು ಏಕೆ ಬೇಕು ಎಂದು ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

7. ಕೂಟದ ದಿನ: ಡಿವಿಷನಿಂಗ್ ಅರ್ಥ ಮಾಡಿಕೊಳ್ಳಿ

ಮನೆಯವರು ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲೇ. ಡಿವಿಷನಿಂಗ್ ಎಂದರೆ ವಯಸ್ಸು, ಗಂಡು-ಹೆಣ್ಣು, ಆಟದ ಮಟ್ಟ ನೋಡಿ ಸಮಬಲದವರನ್ನು ಒಂದೊಂದು ಗುಂಪಿಗೆ ಹಾಕುವುದು. ಒಂದು ಗುಂಪಿನಲ್ಲಿ ಮೂವರಿಂದ ಎಂಟು ಮಂದಿ. ಮೊದಲು ಪ್ರಾಥಮಿಕ ಸುತ್ತು ಓಡಿಸುತ್ತಾರೆ. 100 ಮೀಟರನ್ನು 16, 17 ಸೆಕೆಂಡಿನಲ್ಲಿ ಓಡಿದವರು ಒಂದು ಗುಂಪು, 28, 30 ಸೆಕೆಂಡಿನವರು ಇನ್ನೊಂದು ಗುಂಪು. ಎರಡೂ ಗುಂಪಿಗೆ ಬೇರೆ ಬೇರೆ ಫೈನಲ್, ಬೇರೆ ಬೇರೆ ಚಿನ್ನ. ಮೊದಲ ಮೂವರಿಗೆ ಪದಕ, ನಾಲ್ಕರಿಂದ ಎಂಟನೆಯವರೆಗೆ ರಿಬ್ಬನ್.

ಹಾಗಾದರೆ ಪ್ರಾಥಮಿಕ ಸುತ್ತಿನಲ್ಲಿ ನಿಧಾನಕ್ಕೆ ಓಡಿಸಿ, ಫೈನಲ್‌ನಲ್ಲಿ ಜೋರಾಗಿ ಓಡಿಸಿದರೆ? ಆ ಬುದ್ಧಿವಂತಿಕೆಗೆ ನಿಯಮದಲ್ಲೇ ತಡೆ ಇದೆ. ಫೈನಲ್ ಸಾಧನೆ ಪ್ರಾಥಮಿಕ ಸುತ್ತಿಗಿಂತ ನಿಗದಿತ ಮಿತಿ ಮೀರಿ ಚೆನ್ನಾಗಿದ್ದರೆ ಅನರ್ಹಗೊಳಿಸಬಹುದು. ಕೋಚ್ ಮೊದಲೇ ಕೊಡುವ ಸಮಯವೂ ನಿಜವಾದದ್ದೇ ಆಗಿರಬೇಕು. ನೋಟ್‌ಬುಕ್ ಬೇಕಾದದ್ದು ಇದಕ್ಕೇ. ಪ್ರಾಥಮಿಕ ಸುತ್ತಿನಲ್ಲಿ ಮಗು ಹೆದರಿ ನಡೆದುಬಿಟ್ಟರೆ, ಅಭ್ಯಾಸದ ಸಮಯ ಇದು ಎಂದು ಕೋಚ್ ತೋರಿಸಬೇಕಾಗುತ್ತದೆ. ಆಕ್ಷೇಪಣೆ ಏನೇ ಇದ್ದರೂ ಕೋಚ್ ಮೂಲಕವೇ ಹೋಗಬೇಕು. ನೀವೇ ಟೇಬಲ್ ಹತ್ತಿರ ಹೋಗಿ ಜಗಳ ಮಾಡಿದರೆ ಕೆಲಸ ಕೆಡುತ್ತದೆ.

ಆ ದಿನ ಓಟ ಇರುವುದು ಅರ್ಧ ನಿಮಿಷ, ಕಾಯುವುದು ಅರ್ಧ ದಿನ. ಉದ್ಘಾಟನಾ ಭಾಷಣಗಳು ಬಿಸಿಲಿನಲ್ಲಿ ನಡೆಯುತ್ತವೆ, ಅದನ್ನು ತಪ್ಪಿಸಲು ಯಾರ ಕೈಯಲ್ಲೂ ಆಗಿಲ್ಲ. ಟೋಪಿ, ಎರಡು ಬಾಟಲಿ ನೀರು, ಮನೆಯ ಊಟ, ಒಂದು ಜೊತೆ ಬಟ್ಟೆ, ಮಾತ್ರೆ, ಮಗುವಿಗೆ ಸಮಾಧಾನ ಕೊಡುವ ಒಂದು ವಸ್ತು ಇರಲಿ. ಕೊರಳ ಚೀಟಿಯ ಹಿಂದೆ ನಿಮ್ಮ ಫೋನ್ ನಂಬರ್ ಬರೆದಿರಿ. ನೂರಾರು ಮಕ್ಕಳು ಒಂದೇ ಬಣ್ಣದ ಟೀ-ಶರ್ಟ್ ಹಾಕಿರುತ್ತಾರೆ.

ಕೆಲವು ಕೂಟಗಳಲ್ಲಿ ಹೆಲ್ದಿ ಅಥ್ಲೀಟ್ಸ್ ಎಂಬ ಉಚಿತ ತಪಾಸಣೆ ಇರುತ್ತದೆ. ಕಣ್ಣು, ಕಿವಿ, ಹಲ್ಲು, ಪಾದ ನೋಡುತ್ತಾರೆ. ದಯವಿಟ್ಟು ಬಿಡಬೇಡಿ. ಕಣ್ಣು ಮಂಜಾಗಿದೆ ಎಂದು ಹೇಳಲು ಬಾರದ ಮಗು ಚೆಂಡು ಹಿಡಿಯದಿದ್ದರೆ ನಾವು ಬುದ್ಧಿಯ ಮೇಲೆ ತಪ್ಪು ಹೊರಿಸುತ್ತೇವೆ. ಬೇಕಾದದ್ದು ಕನ್ನಡಕ ಇರಬಹುದು.

8. ಮುಂದಿನ ಮಟ್ಟ

ಚಿನ್ನ ಬಂದರೂ ರಾಷ್ಟ್ರೀಯ ಕೂಟಕ್ಕೆ ಹೆಸರು ಬರಲಿಲ್ಲ ಎಂದು ಬೇಸರ ಮಾಡಿಕೊಳ್ಳುವವರಿದ್ದಾರೆ. ಇಲ್ಲಿ ಅತಿ ವೇಗದವರನ್ನೇ ಕಳಿಸುವ ಪದ್ಧತಿ ಇಲ್ಲ. ಎಲ್ಲ ಗುಂಪುಗಳ ಮೊದಲ ಸ್ಥಾನದವರು ಅರ್ಹರು. ಸ್ಥಾನಗಳಿಗಿಂತ ಅವರ ಸಂಖ್ಯೆ ಜಾಸ್ತಿ ಇದ್ದರೆ ಚೀಟಿ ಎತ್ತಬೇಕು ಎನ್ನುವುದು ನಿಯಮ. 30 ಸೆಕೆಂಡಿನ ಓಟಗಾರನಿಗೂ 16 ಸೆಕೆಂಡಿನವನಿಗೂ ಅಲ್ಲಿ ಸಮಾನ ಅವಕಾಶ. ನನಗೆ ಈ ನಿಯಮ ಇಷ್ಟ, ಎಲ್ಲರಿಗೂ ಆಗಲಿಕ್ಕಿಲ್ಲ. 2023ರ ಬರ್ಲಿನ್ ವಿಶ್ವ ಕೂಟದಲ್ಲಿ ಭಾರತಕ್ಕೆ 202 ಪದಕ ಬಂದವು. ಆ ಸಂಖ್ಯೆಯನ್ನು ಬೇರೆ ಒಲಿಂಪಿಕ್ಸ್ ಪದಕಪಟ್ಟಿಯ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ ಎಂಬುದು ಡಿವಿಷನಿಂಗ್ ಗೊತ್ತಾದ ಮೇಲೆ ನಿಮಗೇ ತಿಳಿಯುತ್ತದೆ.

ಹೊರರಾಜ್ಯಕ್ಕೆ ರೈಲಿನಲ್ಲಿ ಹೋಗಬೇಕಾದರೆ, ಜೊತೆಗೊಬ್ಬರಿಲ್ಲದೆ ಪ್ರಯಾಣ ಮಾಡಲಾಗದ ಬೌದ್ಧಿಕ ಅಂಗವಿಕಲರಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಶೇ 75 ರಿಯಾಯಿತಿ ಇದೆ, ಜೊತೆಗಿರುವವರಿಗೂ ಅಷ್ಟೇ. ರೈಲ್ವೆಯ ರಿಯಾಯಿತಿ ಕಾರ್ಡನ್ನು ಮೊದಲೇ ಮಾಡಿಸಿ. ಹೊರಡುವ ಮೊದಲು ಮಗುವನ್ನು ಒಂದು ರಾತ್ರಿ ಅಜ್ಜಿ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ನೀವಿಲ್ಲದೆ ಮಲಗಿಸಿ ನೋಡಿ. ಶಿಬಿರದಿಂದ ಮಗು ಮಧ್ಯದಲ್ಲೇ ವಾಪಸ್ ಬರುವುದು ಆಟದ ಕಾರಣಕ್ಕಿಂತ ರಾತ್ರಿಯ ಕಾರಣಕ್ಕೇ ಜಾಸ್ತಿ.

9. ಹತ್ತಿರದಲ್ಲಿ ಏನೂ ಇಲ್ಲದಿದ್ದರೆ

ನೀವೇ ಶುರು ಮಾಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆಯಲ್ಲಿ ಭಾಗವಹಿಸುವ ಹಕ್ಕಿನ ಬಗ್ಗೆಯೇ ಇದೆ. ಮೈದಾನ ಕೇಳುವ ಅರ್ಜಿಯಲ್ಲಿ ಆ ಸೆಕ್ಷನ್ ಬರೆಯಿರಿ. ನಾಲ್ಕು ಮನೆಯವರು, ಒಬ್ಬ ಸ್ಪೆಷಲ್ ಎಜುಕೇಟರ್, ಹತ್ತಿರದ ಕಾಲೇಜಿನ ಎನ್‌ಎಸ್‌ಎಸ್‌ನ ಇಬ್ಬರು ಹುಡುಗರು ಸಾಕು. ಹುಡುಗರಿಗೆ ಮೊದಲ ವಾರ ಮಕ್ಕಳ ಹೆಸರು, ಇಷ್ಟ, ಭಯ ಇಷ್ಟನ್ನೇ ಕಲಿಸಿ. ಪರೀಕ್ಷೆ ಬಂದಾಗ ಅವರು ಮಾಯವಾಗುತ್ತಾರೆ. ಹಾಗಾಗಿ ಅಭ್ಯಾಸ ಪೂರ್ತಿ ಅವರ ಮೇಲೆ ನಿಲ್ಲದಿರಲಿ.

ಸಾಮಾನು ಜಾಸ್ತಿ ಬೇಡ: ಹತ್ತು ಕೋನ್, ಎರಡು ಮೆದು ಚೆಂಡು, ಸುಣ್ಣದ ಪುಡಿ, ಅಳತೆ ಟೇಪು, ಪ್ರಥಮ ಚಿಕಿತ್ಸೆ ಡಬ್ಬಿ. ಪಾರ್ಕಿನಲ್ಲಿ ವಾಕಿಂಗ್ ಮಾಡುವವರಿಗೆ ಮೊದಲೇ ವಿಷಯ ಹೇಳಿಡಿ, ಇಲ್ಲದಿದ್ದರೆ ಎರಡನೇ ದಿನವೇ ಯಾರೋ ತಕರಾರು ತೆಗೆಯುತ್ತಾರೆ. ಮಕ್ಕಳ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕುವ ಮೊದಲು ಎಲ್ಲ ಮನೆಯವರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಎರಡು ತಿಂಗಳು ಬಿಡದೆ ನಡೆದರೆ ಆಗ ರಾಜ್ಯ ಘಟಕಕ್ಕೆ ಬರೆದು ನಿಮ್ಮ ಗುಂಪನ್ನು ಸೇರಿಸಲು ಕೇಳಿ. ಬ್ಯಾನರ್, ಟೀ-ಶರ್ಟು, ಮುಖ್ಯ ಅತಿಥಿ ಇವೆಲ್ಲ ಆಮೇಲೆ ಬರಲಿ.

ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಂಜೆ ಮಳೆ ಗ್ಯಾರಂಟಿ. ಮಳೆ ಬಂತೆಂದು ರದ್ದು ಮಾಡುತ್ತಾ ಹೋದರೆ ಕಟ್ಟಿದ ದಿನಚರಿ ಎರಡು ವಾರದಲ್ಲಿ ಹಾಳಾಗುತ್ತದೆ. ಬಡಾವಣೆಯ ಸಮುದಾಯ ಭವನದ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಸಂಜೆ ಐದಕ್ಕೆ ಫೋನ್ ಮಾಡಿದರೆ ತೆಗೆಯುತ್ತಾರಾ ಎಂದು ಮಳೆಗಾಲಕ್ಕೆ ಮೊದಲೇ ವಿಚಾರಿಸಿಟ್ಟುಕೊಳ್ಳಿ.